ಮೇಟ್ರನ್ ಗುಡಿಸಿದ ತೋಟ

ಆಸ್ಪತ್ರೆಯ ನರ್ಸುಗಳ ಮುಖ್ಯಸ್ಥೆಯಾಗಿದ್ದು ನಿವೃತ್ತರಾದ ದಿನ ಅವರು ಬಿಳಿ ಟೋಪಿ, ಔಷಧಿ ಬೀರುವಿನ ಬೀಗದ ಕೈ, ಎದೆಗೆ ಚುಚ್ಚಿಕೊಳ್ಳುತ್ತಿದ್ದ ಗಡಿಯಾರ ಎಲ್ಲವನ್ನೂ ಒಪ್ಪಿಸಿ ಬಂದರು. ಗತ್ತನ್ನು ಮಾತ್ರ ಒಪ್ಪಿಸಲಿಲ್ಲ. ಹಾಗಾಗಿ ಬೀದಿಯವರ ಪಾಲಿಗೆ ಅವರು ಇಂದಿಗೂ ಮೇಟ್ರನ್. ಹಾಲಿನವನು ಅವರ ಗೇಟಿನ ಹತ್ತಿರ ಬಂದನೆಂದರೆ, ಬಾಯಲ್ಲಿದ್ದ ಸಿಗರೇಟನ್ನು ಆರಿಸುವಷ್ಟೂ ಪುರುಸೊತ್ತಿಲ್ಲದೆ ಜೇಬಿಗಿಳಿಸಿ, ಆಮೇಲೆ ನಿಂತಲ್ಲೇ ಕುಣಿಯುತ್ತಿದ್ದ.

ಬೀದಿ ಹೆದರಿದಷ್ಟು ಮನೆ ಹೆದರುತ್ತಿರಲಿಲ್ಲ, ಅದೇ ತೊಂದರೆ. ಅಡುಗೆಮನೆ ಸೊಸೆಯ ಕೈಗೆ ಹೋಗಿತ್ತು. ಮಗ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದ. ದಿನವಿಡೀ ಕಲಿಯುವವರಿಗೆ ಬ್ರೇಕು ಒತ್ತಿ ಎಂದು ಕಿರುಚಿ ಬಂದವನಿಗೆ ಮನೆಯಲ್ಲಿ ಇನ್ನೊಬ್ಬರ ಅಪ್ಪಣೆ ಕೇಳುವ ತಾಳ್ಮೆ ಉಳಿದಿರಲಿಲ್ಲ. ರೇಡಿಯೊ ರಿಪೇರಿಯ ಗಂಡನಂತೂ ಮುಂದಿನ ಕೋಣೆಯಲ್ಲಿ ಹಳೆಯ ಪೆಟ್ಟಿಗೆಗಳ ಹೊಟ್ಟೆ ಬಗೆದುಕೊಂಡು ಕೂತರೆ, ಕರೆದ ಮೂರನೆಯ ಸಲಕ್ಕೆ "ಆಂ?" ಎನ್ನುವವರು. ಊಟಕ್ಕೆ ಮುಂಚೆ ಸಾಬೂನು ಹಾಕಿ ಕೈ ತೊಳೆಯಬೇಕೆಂಬ ಒಂದು ಕಾನೂನು ಬಿಟ್ಟರೆ ಮೇಟ್ರನ್ ಮಾತು ಆ ಮನೆಯಲ್ಲಿ ನಡೆಯುತ್ತಿರಲಿಲ್ಲ. ಮೊದಲ ಕೆಲವು ತಿಂಗಳು ಅವರು ಕೋಣೆಯಿಂದ ಕೋಣೆಗೆ ತಿರುಗಿದರು. ಯಾರಿಗೂ ಜ್ವರವಿರಲಿಲ್ಲ. ಎಲ್ಲರೂ ಬೇಸರ ಹುಟ್ಟಿಸುವಷ್ಟು ಗಟ್ಟಿಮುಟ್ಟಾಗಿದ್ದರು.

ಆಗ ಅವರ ಕಣ್ಣಿಗೆ ಬಿದ್ದದ್ದು ಗೇಟಿಗೂ ಮೆಟ್ಟಿಲಿಗೂ ನಡುವಿನ ಅಂಗಳ. ಅಲ್ಲಿ ಒಂದು ನಿಂಬೆ ಗಿಡ, ಒಂದು ದಾಳಿಂಬೆ, ನಾಲ್ಕಾರು ಗುಲಾಬಿ, ಸೊಸೆ ನೆಟ್ಟು ಮರೆತ ಬದನೆ ಸಸಿಗಳು. ಎಲ್ಲವೂ ಬಾಯಾರಿ ತಲೆ ತಗ್ಗಿಸಿ ನಿಂತಿದ್ದವು. ಆ ಊರಿನಲ್ಲಿ ಮಳೆ ಎನ್ನುವುದು ದೂರದ ನೆಂಟನಿದ್ದ ಹಾಗೆ. ಬರುವುದೇ ಅಪರೂಪ, ಬಂದರೂ ಕೂರುವ ಮೊದಲೇ ಹೊರಟುಬಿಡುತ್ತಿತ್ತು. ನಲ್ಲಿಯಲ್ಲಿ ನೀರು ಬರುತ್ತಿದ್ದುದು ವಾರಕ್ಕೆರಡು ಸಲ, ಅದೂ ಅದಕ್ಕೆ ಮನಸ್ಸು ಬಂದರೆ. ತಲೆ ತಗ್ಗಿಸಿದ ಗಿಡಗಳನ್ನು ಕಂಡದ್ದೇ ಮೇಟ್ರನ್ ಮುಖದಲ್ಲಿ ಕಳೆ ಬಂತು. ಅಂತೂ ಇಂತೂ ರೋಗಿಗಳು ಸಿಕ್ಕಿದ್ದರು.

ಮರುದಿನ ಅವರು ಔಷಧಿ ಅಂಗಡಿಗೆ ಹೋಗಿ ರೋಗಿಗೆ ಹಾಕುವ ಡ್ರಿಪ್ ನಳಿಕೆಗಳನ್ನು ಹನ್ನೆರಡು ಸೆಟ್ಟು ಕೇಳಿದರು.

ಅಂಗಡಿಯವನು ಗಾಬರಿಯಾದ. "ಅಯ್ಯೋ, ಮನೇಲಿ ಯಾರಿಗೆ ಹುಷಾರಿಲ್ಲ ಅಮ್ಮಾ?"

"ಹನ್ನೆರಡು ಜನಕ್ಕೆ. ಅದ್ರಲ್ಲಿ ನಿಂಬೆ ಗಿಡದ್ದು ಸೀರಿಯಸ್ಸು."

ಅಂಗಳದಲ್ಲಿ ಕೋಲುಗಳು ಎದ್ದವು. ಕೋಲಿಗೊಂದು ಬಾಟಲಿ ತಲೆಕೆಳಗಾಗಿ ತೂಗಿತು, ಬಾಟಲಿಯಿಂದ ನಳಿಕೆ ಇಳಿಯಿತು, ನಳಿಕೆಯ ತುದಿ ಗಿಡದ ಬುಡ ಮುಟ್ಟಿತು. ಹನಿ ಎಷ್ಟು ನಿಧಾನ ಬೀಳಬೇಕೆಂದು ಪುಟ್ಟ ಚಕ್ರ ತಿರುಗಿಸಿ ಮೇಟ್ರನ್ ಗೊತ್ತುಮಾಡುತ್ತಿದ್ದರು. ಸ್ನಾನದ ಮನೆಗೆ ಎರಡು ಟಬ್ಬು ಬಂದವು: ಮೈ ನೆನೆಸಿಕೊಳ್ಳುವಾಗ ಒಂದರಲ್ಲಿ ನಿಲ್ಲಬೇಕು, ಸಾಬೂನು ತೊಳೆದುಕೊಳ್ಳುವಾಗ ಇನ್ನೊಂದಕ್ಕೆ ಜಿಗಿಯಬೇಕು. ಸಾಬೂನಿಲ್ಲದ ನೀರು ಹಳೆಯ ಬಟ್ಟೆಯಲ್ಲಿ ಸೋಸಿ ತೋಟದ ಡ್ರಮ್ಮಿಗೆ, ಸಾಬೂನಿನದು ಮೆಟ್ಟಿಲು ತೊಳೆಯಲಿಕ್ಕೆ. ಜಿಗಿಯುವಾಗ ಜಾರಿ ಸೊಂಟ ಉಳುಕಿಸಿಕೊಂಡ ಗಂಡನಿಗೆ ಮುಲಾಮು ಹಚ್ಚುತ್ತಾ ಮೇಟ್ರನ್ ಕೇಳಿದ ಮೊದಲ ಪ್ರಶ್ನೆ, "ನೀರು ಚೆಲ್ಲಿತಾ?"

ಇನ್ನು ಶುಚಿತ್ವ. ಅದನ್ನು ಹೇಳದಿದ್ದರೆ ಮೇಟ್ರನ್ ಬಗ್ಗೆ ಹೇಳಿದಂತೆಯೇ ಅಲ್ಲ. ಗೇಟಿನ ಪಕ್ಕದ ಬೇವಿನ ಮರ ಹೊತ್ತು ಗೊತ್ತಿಲ್ಲದೆ ಎಲೆ ಉದುರಿಸುತ್ತಲೇ ಇರುತ್ತಿತ್ತು. ಬೆಳಗಾದರೆ ಮೇಟ್ರನ್ ಪೊರಕೆ ಹಿಡಿದು ಅಂಗಳಕ್ಕಿಳಿಯುತ್ತಿದ್ದರು. ಒಂದು ಎಲೆ, ಒಂದು ಕಡ್ಡಿ, ಒಂದು ಉದುರಿದ ಹೂವಿನ ಎಸಳು ನೆಲದ ಮೇಲಿರುವಂತಿಲ್ಲ. ಗಿಡದ ಬುಡವನ್ನಂತೂ ಕೈಯಿಂದಲೇ ಆರಿಸಿ ಆರಿಸಿ ನುಣ್ಣಗೆ ಮಾಡುತ್ತಿದ್ದರು. ರೋಗಿಯ ಹಾಸಿಗೆ ಕೊಳಕಾಗಿದ್ದರೆ ಯಾವ ಔಷಧಿ ತಾನೇ ಹತ್ತೀತು? ಅಂಗಳದ ಮಣ್ಣು ಬೋಳಿಸಿದ ತಲೆಯ ಹಾಗೆ ಹೊಳೆಯುತ್ತಿತ್ತು. ಅದನ್ನು ನೋಡಿದಾಗ ಅವರಿಗೆ ಆಗುತ್ತಿದ್ದ ತೃಪ್ತಿ ಅಷ್ಟಿಷ್ಟಲ್ಲ.

ಗುಡಿಸಿದ ಕಸವನ್ನು ಬೀದಿ ಕೊನೆಯ ತೊಟ್ಟಿಗೆ ಹಾಕುವ ಕೆಲಸವನ್ನು ಪಕ್ಕದ ಮನೆಯ ಓರಗಿತ್ತಿ ತಾನಾಗಿ ವಹಿಸಿಕೊಂಡಿದ್ದಳು. ಮೈದುನ ಲಾರಿ ಓಡಿಸುವವನು, ಮನೆಯಲ್ಲಿರುವುದೇ ಕಡಿಮೆ. ಅವಳು ಹೊಲಿಗೆ ಮಷೀನಿನ ಮುಂದೆ ಕೂತವಳು ಬಟ್ಟೆ ಚೂರು, ದಾರ, ಗುಂಡಿಗಳ ನಡುವೆಯೇ ಉಂಡು ಮಲಗುವವಳು. ಅವಳ ಅಂಗಳ ಪೊರಕೆಯ ಮುಖ ನೋಡಿ ಯಾವ ಕಾಲವಾಗಿತ್ತೋ. ಮೇಟ್ರನ್ ಆ ಕಡೆಗೆ ತಿರುಗಿದರೆ ಮೂಗು ಮುರಿಯುತ್ತಿದ್ದರು. ಅವಳ ಹೊಸ್ತಿಲು ತುಳಿಯುವುದನ್ನೇ ಬಿಟ್ಟಿದ್ದರು. ಆದರೆ ಬೆಳಿಗ್ಗೆ ಗೋಡೆಯ ಮೇಲಿನಿಂದ ಅವಳ ತಲೆ ಕಾಣಿಸಿ, "ಅಕ್ಕಾ, ಆ ಬುಟ್ಟಿ ಈಕಡೆ ಕೊಡಿ, ನಾನು ಹಾಕಿ ಬರ್ತೀನಿ" ಎಂದಾಗ ಕೊಡುತ್ತಿದ್ದರು. ಸೋಮಾರಿಯಾದರೂ ಇಷ್ಟಕ್ಕಾದರೂ ಆಗುತ್ತಾಳಲ್ಲ ಎಂದು ಮನಸ್ಸಿನಲ್ಲೇ ಅವಳಿಗೆ ಒಂದು ಅಂಕ ಹಾಕುತ್ತಿದ್ದರು.

ಇಷ್ಟೆಲ್ಲ ಆರೈಕೆ ನಡೆದರೂ ರೋಗಿಗಳು ಮಾತ್ರ ಏಳಲಿಲ್ಲ. ಗುಲಾಬಿಯ ಮೊಗ್ಗು ಅರಳದೆಯೇ ಕಂದಿತು. ಬದನೆ ಮಧ್ಯಾಹ್ನಕ್ಕೆ ಸೋತು ಬೀಳುತ್ತಿತ್ತು. ನಿಂಬೆ ಗಿಡ ದಿನಕ್ಕಿಷ್ಟು ಎಲೆ ಕಳಚತೊಡಗಿತು.

ಒಂದು ದಿನ ಊಟಕ್ಕೆ ಕೂತಾಗ ಮಗ ವಿಷಯ ತೆಗೆದ. ಅವನು ಸ್ಕೂಲಿಗೆ ಎರಡನೆಯ ಕಾರು ಕೊಂಡಿದ್ದ. ಬೀದಿಯಲ್ಲಿ ನಿಲ್ಲಿಸಿದರೆ ದಿನಕ್ಕೊಂದು ಗೀರು.

"ಅಮ್ಮಾ, ಅಂಗಳಕ್ಕೆ ಟೈಲ್ಸ್ ಹಾಕಿಸಿಬಿಡೋಣ. ಕಾರು ನಿಲ್ಲುತ್ತೆ. ನಿಂಗೆ ಗುಡಿಸೋಕೂ ಸುಲಭ."

"ನನ್ನ ಗಿಡಗಳು?"

"ನಿನ್ನ ತೋಟ ಐಸಿಯು ಥರ ಇದೆಯಮ್ಮಾ. ಎಲ್ಲರಿಗೂ ಡ್ರಿಪ್ಪಿದೆ, ಒಬ್ಬರೂ ಹುಷಾರಾಗ್ತಿಲ್ಲ."

ಸೊಸೆ ಕಿಸಕ್ಕನೆ ನಕ್ಕವಳು ಕೆಮ್ಮಿದಂತೆ ಮಾಡಿದಳು. ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಮೇಟ್ರನ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಳಿಸಿದರು. ಅಂಗಳ ಹೋದರೆ ಮತ್ತೆ ಕೋಣೆಯಿಂದ ಕೋಣೆಗೆ ತಿರುಗುವುದೇ ಗತಿ. ಬೆಳಿಗ್ಗೆ ಏಳಲಿಕ್ಕೆ ಒಂದು ಕಾರಣ ಎಂದು ಅವರಿಗೆ ಉಳಿದಿದ್ದುದು ಆ ನಿಂಬೆ ಗಿಡ, ಆ ದಾಳಿಂಬೆ. ಹಾಗೆಂದು ಬಾಯಿಬಿಟ್ಟು ಹೇಳುವುದುಂಟೇ? ಅವರು ಬೆನ್ನು ನೆಟ್ಟಗೆ ಮಾಡಿ ಕೂತರು.

"ಟೈಲ್ಸ್‌ನವನು ಯಾವಾಗ ಬರ್ತಾನೆ?"

"ಹಿಂದಿನ ಬೀದೀಲಿ ಒಂದು ಕೆಲ್ಸ ಹಿಡಿದಿದ್ದಾನೆ. ಅದು ಮುಗಿದ ಮೇಲೆ."

"ಅಷ್ಟರೊಳಗೆ ಗಿಡ ಚೇತರಿಸಿಕೊಂಡ್ರೆ?"

"ಚೇತರಿಸಿಕೊಂಡ್ರೆ ಅವನನ್ನ ವಾಪಸ್ ಕಳಿಸ್ತೀನಿ," ಎಂದ ಮಗ. ಹಾಗೆನ್ನುವಾಗ ಅವನ ದನಿಯಲ್ಲಿದ್ದ ಔದಾರ್ಯ ನೋಡಿದರೆ, ಗೆಲ್ಲುವ ಭರವಸೆ ಅವನಿಗೆ ಪೂರ್ತಿ ಇತ್ತು.

ಅಂದಿನಿಂದ ಮೇಟ್ರನ್ ಕಣ್ಣಲ್ಲಿ ಕಣ್ಣಿಟ್ಟು ಕಾದರು. ನೀರು ಕೊಡುತ್ತಿರುವುದು ಖರೆ, ಡ್ರಮ್ಮು ಖಾಲಿಯಾಗುತ್ತಿರುವುದೂ ಖರೆ, ಗಿಡಕ್ಕೆ ಮಾತ್ರ ಹತ್ತುತ್ತಿಲ್ಲ. ಹಾಗಾದರೆ ನೀರು ಎಲ್ಲಿಗೆ ಹೋಗುತ್ತಿದೆ? ಈ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದ್ದಾಗಲೇ ಗೋಡೆಯ ಮೇಲೆ ಏನೋ ಹಸಿರು ಕಂಡಿತು. ಓರಗಿತ್ತಿಯ ಕುಂಬಳದ ಬಳ್ಳಿ. ಅಂಗೈಯಗಲದ ಎಲೆ ಬಿಟ್ಟು, ಗೋಡೆ ಹತ್ತಿ, ಈ ಕಡೆಯ ಡ್ರಮ್ಮಿನೊಳಕ್ಕೆ ಇಣುಕಿ ನೋಡುತ್ತಿತ್ತು.

ಮೇಟ್ರನ್ ಸೊಂಟಕ್ಕೆ ಕೈಯಿಟ್ಟು ನಿಂತರು. ಪಾತ್ರೆ ತೊಳೆದ ನೀರನ್ನೂ ಸರಿಯಾಗಿ ಹಿಡಿದಿಡದ ಸೋಮಾರಿ, ಇಷ್ಟು ಸೊಂಪಾಗಿ ಬಳ್ಳಿ ಬೆಳೆಸುವುದೆಂದರೇನು!

"ರೀ, ನನ್ನ ಡ್ರಮ್ಮಿಗೆ ಅವಳು ಕನ್ನ ಹಾಕಿದ್ದಾಳೆ," ಎಂದರು ಗಂಡನ ಹತ್ತಿರ.

"ಆಂ?"

"ನಿಮ್ಮ ತಮ್ಮನ ಹೆಂಡ್ತಿ! ಗೋಡೆ ಕೆಳಗಿಂದ ಪೈಪು ತೂರಿಸಿ ನೀರು ಎಳೀತಿದ್ದಾಳೆ."

"ಅವಳು ಸೂಜಿಗೆ ದಾರ ಪೋಣಿಸೋಕೇ ಇನ್ನೊಬ್ಬರನ್ನ ಕರೀತಾಳೆ. ಪೈಪು ತೂರಿಸ್ತಾಳಾ?" ಎಂದು ಗಂಡ ಮತ್ತೆ ರೇಡಿಯೊದೊಳಗೆ ಮುಳುಗಿದರು.

ಮೇಟ್ರನ್‌ಗೆ ಸಾಕ್ಷಿ ಬೇಕಿತ್ತು. ಆಸ್ಪತ್ರೆಯಲ್ಲಿ ರೋಗಿಯ ದೇಹದೊಳಗೆ ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಬಣ್ಣದ ದ್ರವ ಹರಿಸಿ ನೋಡುತ್ತಿದ್ದುದನ್ನು ಅವರು ಕಂಡಿದ್ದರು. ಬಟ್ಟೆಗೆ ಹಾಕುವ ನೀಲಿಯನ್ನು ಡಬ್ಬಿಗಟ್ಟಲೆ ತಂದು ಡ್ರಮ್ಮಿಗೆ ಸುರಿದು ಕದಡಿದರು. ಬಾಟಲಿಗಳೆಲ್ಲ ನೀಲಿಯಾದವು. ನಾಳೆ ಅವಳ ಅಂಗಳದ ಮಣ್ಣು ನೀಲಿಯಾಗಿ ಕಾಣಲಿ, ಆಮೇಲೆ ನೋಡಿಕೊಳ್ಳೋಣ ಎಂದುಕೊಂಡು ಸಂತೋಷವಾಗಿ ಒಳಗೆ ಬಂದರು.

ಆ ಬಲೆಗೆ ಮೊದಲು ಬಿದ್ದದ್ದು ಮೈದುನನ ಹೆಂಡತಿಯಲ್ಲ, ಸ್ವಂತ ಗಂಡ. ಸಂಜೆ ಬೆಳಕಿನಲ್ಲಿ ನೀರಿನ ಬಣ್ಣ ನೋಡದೆ ಡ್ರಮ್ಮಿನಲ್ಲಿ ಮುಖ ತೊಳೆದು, ಬಿಳಿ ಟವೆಲಿನಿಂದ ಒರೆಸಿಕೊಂಡು ಒಳಗೆ ಬಂದರು. ಎದುರಿಗೆ ಸಿಕ್ಕ ಸೊಸೆ ಅವರ ನೀಲಿ ಮುಖ, ನೀಲಿ ತುಟಿ ಕಂಡು ಚೀರಿದಳು. "ಮಾವಾ, ನಿಮಗೆ ಉಸಿರಾಡೋಕೆ ಆಗ್ತಿದೆಯಾ?" ಎಂದು ಕೇಳಿ, ಅವರನ್ನು ಕುರ್ಚಿಯಲ್ಲಿ ಕೂರಿಸಿ ಗಾಳಿ ಹಾಕಿದಳು. ಮೇಟ್ರನ್ ಓಡಿ ಬಂದು ತುಟಿಯನ್ನು ಬೆರಳಿನಿಂದ ಉಜ್ಜಿ ನೋಡಿ, "ಏನಿಲ್ಲ, ತೊಳೆದ್ರೆ ಹೋಗುತ್ತೆ. ಡ್ರಮ್ಮಿಂದ ಎಷ್ಟು ಚೊಂಬು ತಗೊಂಡ್ರಿ?" ಎಂದರು.

ಬೆಳಿಗ್ಗೆ ಅವರು ಗುಡಿಸಲಿಲ್ಲ. ನೇರ ಗೋಡೆ ಸುತ್ತಿ ಓರಗಿತ್ತಿಯ ಗೇಟು ತೆಗೆದರು. ಯಾವ ಕಾಲದಲ್ಲೋ ತುಳಿದಿದ್ದ ಅಂಗಳ. ಕಾಲಿಟ್ಟರೆ ಪಾದ ಮುಚ್ಚುವಷ್ಟು ಒಣ ಎಲೆ, ಅದರಲ್ಲಿ ಸಿಪ್ಪೆ, ಕಡ್ಡಿ, ಬಟ್ಟೆ ಚೂರು. ಮೇಟ್ರನ್ ಮುಖ ಸಿಂಡರಿಸಿದರು. ಆ ಕಸದ ನಡುವಿನಿಂದ ಟೊಮೇಟೊ ಗಿಡಗಳು ಹಣ್ಣು ಹೊತ್ತು ನಗುತ್ತಿದ್ದವು. ಗೋಡೆಯ ಪಕ್ಕ ಕುಂಬಳಕಾಯಿ, ಒಂದಲ್ಲ, ಮೂರು, ಕಾಲು ಚಾಚಿಕೊಂಡು ಮಲಗಿದ್ದವು.

ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಓರಗಿತ್ತಿ ಹೊರಗೆ ಬಂದಳು. "ಅಕ್ಕಾ! ನೀವಾ? ನಮ್ಮನೆಗಾ? ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಸುಮ್ನಿರು. ನನ್ನ ನೀರು ಎಲ್ಲಿ?"

"ಯಾವ ನೀರು?"

ಮೇಟ್ರನ್ ಅಲ್ಲೇ ಮಂಡಿಯೂರಿ ಎಲೆ ಸರಿಸಿ ಮಣ್ಣು ಬಗೆದರು. ನೀಲಿ ಇರಲಿಲ್ಲ. ಇನ್ನೊಂದು ಕಡೆ ಬಗೆದರು. ನೀಲಿಯ ಸುಳಿವೂ ಇಲ್ಲ. ಅಲ್ಲಿದ್ದದ್ದು ಕಪ್ಪು ಮಣ್ಣು, ಕೈಗೆ ತಂಪಾಗಿ ಹತ್ತುವ, ಹಿಂಡಿದರೆ ಉಂಡೆಯಾಗುವ ಮಣ್ಣು. ಎರಡು ಎರೆಹುಳು ಬೆಳಕು ಕಂಡು ಬೇಸರದಿಂದ ಒಳಗೆ ಹೋದವು.

"ದಿನಕ್ಕೆಷ್ಟು ನೀರು ಹಾಕ್ತೀಯ ಇದಕ್ಕೆ? ನಿಜ ಹೇಳು."

"ದಿನಾ ಎಲ್ಲಿ ಹಾಕೋದು ಅಕ್ಕಾ? ನೆನಪಾದಾಗ ಪಾತ್ರೆ ತೊಳೆದ ನೀರು ಎಸೀತೀನಿ. ಹೋದ ವಾರ ಮದುವೆ ಬಟ್ಟೆ ಹೊಲಿಯೋದಿತ್ತು, ಅದೂ ಇಲ್ಲ."

ಮೇಟ್ರನ್ ಒಂದು ಮುಷ್ಟಿ ಎಲೆ ಎತ್ತಿ ಮೂಗಿನ ಹತ್ತಿರ ಹಿಡಿದರು. ಬೇವು. ಓರಗಿತ್ತಿಯ ಅಂಗಳದಲ್ಲಿ ಬೇವಿನ ಮರವಿರಲಿಲ್ಲ. ಎಲೆಯ ಜೊತೆ ಅವರ ಕೈಗೆ ಬಂದವು ಒಂದು ಡ್ರಿಪ್ ನಳಿಕೆಯ ಮುಚ್ಚಳ, ಗಂಡನ ಮೇಜಿನಿಂದ ಹಾರಿದ ತಾಮ್ರದ ತಂತಿಯ ಚೂರು, ಬಾಡಿದ ದಾಳಿಂಬೆ ಹೂ.

"ಇದು ನನ್ನ ಕಸ!"

ಓರಗಿತ್ತಿಯ ಮುಖ ಬಿಳಿಚಿತು. ಕತ್ತರಿಯನ್ನು ಬೆನ್ನ ಹಿಂದೆ ಮಾಡಿದಳು. "ಬೈಬೇಡಿ ಅಕ್ಕಾ. ತೊಟ್ಟಿ ಬೀದಿ ಕೊನೇಲಿದೆ. ನಿಮ್ಮನ್ನ ಖುಷಿ ಮಾಡೋಣ ಅಂತ ಬುಟ್ಟಿ ಇಸ್ಕೋತಿದ್ದೆ. ಆಮೇಲೆ ಅಷ್ಟು ದೂರ ಯಾರು ನಡೀತಾರೆ ಅಂತ ಗೋಡೆ ಪಕ್ಕಾನೇ ಸುರಿದುಬಿಡ್ತಿದ್ದೆ. ದಿನಾ. ನಾಳೆಯಿಂದ ಹಾಕಿ ಬರ್ತೀನಿ, ಖಂಡಿತ."

ಮೇಟ್ರನ್ ಎದ್ದು ತಮ್ಮ ಅಂಗಳಕ್ಕೆ ಬಂದು ನಿಂಬೆ ಗಿಡದ ಮುಂದೆ ಕೂತರು. ನುಣ್ಣನೆಯ ನೆಲದ ಮೇಲೆ, ಹನಿ ಬಿದ್ದ ಜಾಗದಲ್ಲಿ, ತಟ್ಟೆಯಗಲದ ನೀಲಿ ಕಲೆ ಒಣಗಿ ಬಿರುಕು ಬಿಟ್ಟಿತ್ತು. ತಲೆಪಿನ್ನು ತೆಗೆದು ಕೆರೆದರು. ನೀಲಿ ಪದರ ಹಪ್ಪಳದ ಹಾಗೆ ಎದ್ದು ಬಂತು. ಅದರ ಕೆಳಗೆ ಬರೀ ಧೂಳು. ಕೊಟ್ಟ ನೀರು ಬೇರಿನ ಕಡೆಗೆ ಒಂದು ಬೆರಳಿನಷ್ಟೂ ಇಳಿದಿರಲಿಲ್ಲ. ಹೊದಿಕೆಯಿಲ್ಲದ ನೆಲದಿಂದ ಬಿಸಿಲು ಅದನ್ನು ಎತ್ತಿಕೊಂಡು ಹೋಗಿತ್ತು. ಆ ಹೊದಿಕೆಯನ್ನು ತಾವೇ ಬೆಳಗಾದರೆ ಎಳೆದು, ಬುಟ್ಟಿಗೆ ತುಂಬಿ, ಗೋಡೆಯಾಚೆ ದಾಟಿಸಿದ್ದರು. ಚಳಿಯಲ್ಲಿ ನಡುಗುವ ರೋಗಿಯ ಕಂಬಳಿ ಕಿತ್ತುಕೊಂಡು ಹಾಸಿಗೆ ಎಷ್ಟು ಚೊಕ್ಕಟ ಎಂದು ಹೆಮ್ಮೆಪಟ್ಟ ಹಾಗಾಯಿತು. ಮೇಟ್ರನ್‌ಗೆ ಅಲ್ಲೇ ನೆಲ ಬಾಯಿಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು. ನೋಡುವವರು ಯಾರೂ ಇರಲಿಲ್ಲ ಎಂಬುದೊಂದೇ ಸಮಾಧಾನ.

ಗೋಡೆಯ ಹತ್ತಿರ ಹೋದರು. ಅವರು ಜೀವಮಾನದಲ್ಲಿ ಯಾರ ಹತ್ತಿರವೂ ಏನನ್ನೂ ಕೇಳಿದವರಲ್ಲ. ಇಸಿದುಕೊಳ್ಳುವುದಿದ್ದರೆ ಗದರಿ ಇಸಿದುಕೊಳ್ಳುತ್ತಿದ್ದರು. ಗಂಟಲು ಸರಿಮಾಡಿಕೊಂಡರು.

"ಏನೇ, ಇದ್ದೀಯಾ? ಒಂದೆರಡು ಬುಟ್ಟಿ... ಕಸ ಕೊಡ್ತೀಯಾ?"

ಆ ಕಡೆಯಿಂದ ಓರಗಿತ್ತಿಯ ದನಿ ಬಂತು, ಹೆದರಿಕೆ ಹೋಗಿ ತುಂಟತನ ಸೇರಿಕೊಂಡಿತ್ತು. "ಯಾವ ಥರದ್ದು ಅಕ್ಕಾ? ಹೊಸದಾ, ಹಳೇದಾ?"

"ಕೊಳೆತದ್ದು ಕೊಡೇ. ಹೆಚ್ಚು ಮಾತಾಡ್ಬೇಡ."

ಕಸ ಗೋಡೆ ದಾಟಿ ವಾಪಸ್ಸು ಬಂತು. ಜೊತೆಗೆ ಒಂದು ಕುಂಬಳಕಾಯಿಯೂ ಬಂತು. ಮೇಟ್ರನ್ ಬಾಟಲಿ, ಕೋಲುಗಳನ್ನೆಲ್ಲ ಕಿತ್ತು ಮೂಲೆಗಿಟ್ಟರು. ಬುಡದ ಮಣ್ಣು ಸಡಿಲಿಸಿ, ಚೂರು ಚೂರು ಹನಿಸುವುದರ ಬದಲು ಒಂದೇ ಸಲ ನಿಧಾನವಾಗಿ ಬಕೆಟ್ಟುಗಟ್ಟಲೆ ನೀರು ಕುಡಿಸಿ, ಮೇಲೆ ಗೇಣು ದಪ್ಪಕ್ಕೆ ಎಲೆ ಹೊದಿಸಿದರು. ಬೇವಿನ ಮರ ಉದುರಿಸಿದ್ದನ್ನು ಉದುರಿಸಿದಲ್ಲೇ ಬಿಟ್ಟರು.

ಹೇಳುವುದು ಸುಲಭ. ಬೆಳಗಾದರೆ ಅವರ ಕೈ ತಾನಾಗಿ ಪೊರಕೆಯ ಕಡೆಗೆ ಹೋಗುತ್ತಿತ್ತು. ಒಂದೊಂದು ಎಲೆಯೂ ಕಣ್ಣಿಗೆ ಚುಚ್ಚುತ್ತಿತ್ತು. ಕೊನೆಗೆ ಪೊರಕೆಯನ್ನು ಓರಗಿತ್ತಿಯ ಮನೆಗೆ ಕೊಟ್ಟುಬಂದರು, ಅಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ ಎಂಬ ನಂಬಿಕೆಯಿಂದ. ಮನೆಯವರು ಗುಸುಗುಸು ಎಂದರು. ಅತ್ತೆ ಗುಡಿಸುತ್ತಿಲ್ಲ! ಸೊಸೆ ಕೇಳದೆಯೇ ಬಿಸಿ ಹಾಲು ತಂದಿಟ್ಟಳು. ರೇಡಿಯೊ ಬಿಟ್ಟು ಎದ್ದು ಬಂದ ಗಂಡ, ಹೆಂಡತಿಯ ಮಣಿಕಟ್ಟು ಹಿಡಿದು ನಾಡಿ ನೋಡಿದರು. ನಾಡಿ ಎಲ್ಲಿದೆ ಎಂದು ಅವರಿಗೆ ತಿಳಿದಿರಲಿಲ್ಲ. ಮೇಟ್ರನ್ ಅವರ ಬೆರಳನ್ನು ಸರಿಯಾದ ಜಾಗಕ್ಕೆ ಸರಿಸಿದರು.

ಟೈಲ್ಸ್ ಕೆಲಸದವನು ಅಂದುಕೊಂಡದ್ದಕ್ಕಿಂತ ಬೇಗ ಬಂದುಬಿಟ್ಟ. ಅಳತೆ ಟೇಪು ಹಿಡಿದು ಮಗನ ಜೊತೆ ಗೇಟಿನೊಳಗೆ ಕಾಲಿಟ್ಟಾಗ ಮೇಟ್ರನ್ ನಿಂಬೆ ಗಿಡದ ಬುಡದಲ್ಲಿ ಕೂತಿದ್ದರು. ಕೈ ಮೊಣಕೈವರೆಗೆ ಮಣ್ಣು, ಕೂದಲಲ್ಲಿ ಬೇವಿನ ಎಲೆ. ಗಿಡ ಎಲೆ ಉದುರಿಸುವುದನ್ನು ನಿಲ್ಲಿಸಿತ್ತು, ಅಷ್ಟೇ. ಹೊಸ ಚಿಗುರು ಒಂದೂ ಇರಲಿಲ್ಲ. ತೋರಿಸಿ ಗೆಲ್ಲಲು ಅವರ ಹತ್ತಿರ ಏನೂ ಇರಲಿಲ್ಲ.

ಮಗ ಗಿಡವನ್ನು ನೋಡಲೇ ಇಲ್ಲ. ಅವನು ನೆಲ ನೋಡುತ್ತಾ ನಿಂತುಬಿಟ್ಟ.

"ಇದೇನಮ್ಮಾ ಇದು?"

"ಕಸ."

"ನಿನ್ನ ಅಂಗಳದಲ್ಲಾ?" ಅವನು ಕಾಲಿನಿಂದ ಎಲೆ ಸರಿಸಿದ, ಹಾಗೇ ಮುಚ್ಚಿದ. "ನಾನು ಚಿಕ್ಕವನಿದ್ದಾಗ ಪೆನ್ಸಿಲ್ ಚೂಪು ಮಾಡಿದ ಚೂರು ಕೆಳಗೆ ಬಿದ್ರೆ ಊಟ ಕೊಡ್ತಿರಲಿಲ್ಲ ನೀನು. ಈ ಗಿಡಕ್ಕೋಸ್ಕರ ಇಷ್ಟು ಕೊಳೆ ಸಹಿಸ್ತೀಯಾ?"

ಅವನು ತಮಾಷೆಗೆ ಹೇಳಿದ್ದು ಅರ್ಧ. ಉಳಿದರ್ಧ ತಮಾಷೆಯಾಗಿರಲಿಲ್ಲ. ಮೇಟ್ರನ್ ಗತ್ತನ್ನು ಹುಡುಕಿದರು. ಬೇಕಾದ ಹೊತ್ತಿಗೆ ಅದು ಸಿಗಲಿಲ್ಲ.

"ಆಸ್ಪತ್ರೇಲಿ ಎಷ್ಟೇ ನೋಡಿಕೊಂಡ್ರೂ, ಹುಷಾರಾದ ದಿನ ಎಲ್ಲರೂ ಎದ್ದು ಹೋಗ್ತಾರೆ ಕಣೋ. ಹೋಗ್ಬೇಕು, ಅದೇ ಸರಿ. ಹಾಸಿಗೆ ಒರೆಸಿ ಚೊಕ್ಕಟ ಮಾಡೋದು ನನ್ನ ಕೆಲಸ. ಇವು ಹುಷಾರಾದ ಮೇಲೂ ಇಲ್ಲೇ ಇರ್ತಾವೆ. ನನ್ನ ಕೈಯಲ್ಲಿ ಹುಷಾರಾಗಿ ನನ್ನ ಹತ್ರಾನೇ ಉಳಿಯೋರು ಇವು ಮಾತ್ರ. ಇವನ್ನ ಕೀಳಿಸಬೇಡ."

"ನಾನೂ ಎಲ್ಲೂ ಹೋಗಿಲ್ವಲ್ಲಮ್ಮಾ," ಎಂದ ಮಗ.

ಮೇಟ್ರನ್ ಅವನ ಮುಖ ನೋಡಿದರು. ದಡಾರ, ಮಂಗನಬಾವು, ಮುರಿದ ಮೊಣಕೈ ಎಲ್ಲವೂ ಅವರ ಕೈಯಲ್ಲೇ ವಾಸಿಯಾಗಿ ಈ ಎತ್ತರಕ್ಕೆ ಬೆಳೆದವನು, ಸಂಜೆಯಾದರೆ ಇದೇ ಗೇಟು ತೆಗೆದು ಒಳಗೆ ಬರುವವನು. ಅದನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕಣ್ಣು ತುಂಬಿತು. ಮಣ್ಣಿನ ಕೈಯಿಂದ ಒರೆಸಿಕೊಳ್ಳುವಂತಿಲ್ಲ, ಹಾಗೇ ಬಿಟ್ಟರು.

ಟೈಲ್ಸ್‌ನವನು ಈ ಮನೆಯ ವಿಚಾರ ಬಗೆಹರಿಯುವವರೆಗೆ ಎಂದು ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಪೊಟ್ಟಣ ಬಿಚ್ಚಿದ್ದ. ಮಗ ಅವನ ಪಕ್ಕ ಹೋಗಿ ಕುಳಿತು, "ಇಲ್ಲಿ ಕೆಲಸ ಇಲ್ಲಪ್ಪಾ. ಕಾರು ಚಿಕ್ಕಪ್ಪನ ಲಾರಿ ನಿಲ್ಲೋ ಕಡೆ ನಿಲ್ಲಿಸ್ತೀನಿ," ಎಂದು ಹೇಳಿ, ಪೊಟ್ಟಣಕ್ಕೆ ತಾನೂ ಕೈ ಹಾಕಿದ. ಒಂದು ಕಾಯಿ ಬಿಡಿಸಿದ. ಸಿಪ್ಪೆ ಬೆರಳಲ್ಲಿ ಹಿಡಿದುಕೊಂಡು ತಾಯಿಯ ಕಡೆ ನೋಡಿದ. ಆಮೇಲೆ, ಆ ಮನೆಯಲ್ಲಿ ಹುಟ್ಟಿದ ಮೇಲೆ ಮೊದಲ ಬಾರಿಗೆ, ಬೇಕೆಂದೇ, ಅವರ ಕಣ್ಣೆದುರಿಗೇ ಅದನ್ನು ಅಂಗಳಕ್ಕೆ ಬಿಸಾಡಿದ.

ಮೇಟ್ರನ್ ಹುಬ್ಬು ಗಂಟಿಕ್ಕಿತು. ಟೈಲ್ಸ್‌ನವನು ಅಗಿಯುವುದನ್ನು ನಿಲ್ಲಿಸಿದ.

"ಅಲ್ಲಿ ನಡುವೆ ಹಾಕಿದ್ರೆ ಏನು ಬಂತು?" ಎಂದರು ಮೇಟ್ರನ್. "ದಾಳಿಂಬೆ ಬುಡಕ್ಕೆ ಹಾಕು."